ಊಟದ ಲಕೋಟೆ ಮತ್ತು ಎರಡು ಕೋಟಿ ಡಾಲರ್

(ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಈ ಕಂದು ಲಕೋಟೆಯನ್ನು ಒಮ್ಮೆ ನೋಡಿ. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ. ಕಾಣುವಂಥದ್ದೇನೂ ಅದರಲ್ಲಿಲ್ಲ ಬಿಡಿ, ಬೀದಿಯ ಯಾವ ಪುಸ್ತಕದಂಗಡಿಯಲ್ಲಾದರೂ ಸಿಗುವ ಲಕೋಟೆಯೇ. 2009ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಲೆಕ್ಕಪತ್ರ ಕಚೇರಿಗೆ ಸೇರಿದ ಮೊದಲ ವಾರ ನನಗೆ ಕೊಟ್ಟ ಕೆಲಸ ಇಂಥ ಇಪ್ಪತ್ತೆರಡು ಲಕೋಟೆಗಳಿಗೆ ಹಣ ತುಂಬುವುದು. ಒಂದೊಂದರಲ್ಲೂ ಹದಿನೈದು ಡಾಲರ್. ಹತ್ತರ ಒಂದು ನೋಟು, ಐದರ ಒಂದು ನೋಟು. ಓಟಗಾರ್ತಿಯರ ತಂಡ ಶುಕ್ರವಾರ ಬೇರೆ ಊರಿಗೆ ಸ್ಪರ್ಧೆಗೆ ಹೊರಟಿತ್ತು, ಅವರ ರಾತ್ರಿ ಊಟದ ಹಣ ಅದು.

ನಾನೋ, ಇಲ್ಲೇ ಬಿ.ಕಾಂ. ಮುಗಿಸಿ, ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮೂರು ವರ್ಷ ವೋಚರ್ ತಿರುವಿ, ಬ್ಯಾಂಕಿನಲ್ಲಿ ಸಾಲ ಮಾಡಿ ಅಲ್ಲಿಗೆ ಹೋಗಿ ಎಂ.ಬಿ.ಎ. ಮಾಡಿದವನು. ಲಕೋಟೆಗೆ ನೋಟು ತುಂಬುತ್ತಾ, ಇದಕ್ಕಾಗಿ ಏಳು ಸಮುದ್ರ ದಾಟಿ ಬರಬೇಕಿತ್ತೇ ಅನ್ನಿಸಿತು. ನನ್ನ ಮೇಲಧಿಕಾರಿ ಅರುವತ್ತರ ಹತ್ತಿರದ ಹೆಂಗಸು, ಆ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವರು. ನನ್ನ ಮುಖ ಓದಿದವರಂತೆ ಅವರು ಹೇಳಿದರು: ‘ನೋಟು ಎಣಿಸುವುದು ಯಾರಿಗಾದರೂ ಬರುತ್ತದೆ. ಇಪ್ಪತ್ತೆರಡು ಸಹಿ ತೆಗೆದುಕೊಂಡು ಬಾ, ಅದು ನಿನ್ನ ಕೆಲಸ.’

ಸಹಿ ಬಂತು. ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು, ಕೈಯಲ್ಲಿ ಲಕೋಟೆ. ಗುರುವಾರ ಸಂಜೆಯೇ ಕೋಚ್ ಎಲ್ಲರಿಗೂ ಲಕೋಟೆ ಹಂಚಿ ಸಹಿ ಹಾಕಿಸಿಕೊಂಡುಬಿಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಇವಳಿಗೆ ಜ್ವರ, ಬಸ್ಸು ಇವಳನ್ನು ಬಿಟ್ಟು ಹೋಯಿತು. ಹಣ ಮಾತ್ರ ಇವಳ ಕೈಯಲ್ಲಿ ಉಳಿಯಿತು. ‘ಇದನ್ನು ಯಾರಿಗೆ ವಾಪಸು ಕೊಡಲಿ?’ ಅಂದಳು. ಹಣ ಕೊಡುವುದಕ್ಕೆ ನಮ್ಮಲ್ಲಿ ನಾಲ್ಕು ಬಗೆಯ ನಮೂನೆಗಳಿದ್ದವು, ಕೊಟ್ಟದ್ದನ್ನು ವಾಪಸು ಪಡೆಯಲು ಒಂದೂ ಇರಲಿಲ್ಲ. ಆ ಹದಿನೈದು ಡಾಲರನ್ನು ಯಾವ ಖಾತೆಗೆ ಜಮಾ ಮಾಡುವುದು, ರಸೀದಿ ಯಾವುದು ಕೊಡುವುದು ಎಂದು ತೀರ್ಮಾನಿಸಲು ಮೂರು ಜನರ ಅರ್ಧ ದಿನ ಹೋಯಿತು. ನಮ್ಮ ಸಂಬಳ ಲೆಕ್ಕ ಹಾಕಿದರೆ ಅದಕ್ಕೆ ತಗುಲಿದ ಖರ್ಚು ಇನ್ನೂರು ಡಾಲರ್ ಆದರೂ ಇದ್ದೀತು.

ನಗುತ್ತಿದ್ದೀರಿ. ನಾನೂ ಮನಸ್ಸಿನಲ್ಲಿ ನಕ್ಕಿದ್ದೆ. ಆದರೆ ಅವಳು ಆ ಹಣವನ್ನು ಇಟ್ಟುಕೊಂಡಿದ್ದರೆ ಅದು ಅವಳ ಮೇಲೆ ಬರುವ ನಿಯಮಭಂಗವಾಗುತ್ತಿತ್ತು. ಪ್ರಯಾಣ ಮಾಡದೆ ಪ್ರಯಾಣದ ಊಟದ ಹಣ ಪಡೆದಳು ಎಂದು ನಿಯಮ ಪಾಲನೆ ವಿಭಾಗಕ್ಕೆ ಬರೆದು ಕೊಡಬೇಕಾಗುತ್ತಿತ್ತು. ಇಂಥ ಸಣ್ಣ ಸಂಗತಿ ಅಷ್ಟು ದೊಡ್ಡದು ಏಕಾಯಿತು ಎನ್ನುವುದೇ ನನ್ನ ಇಂದಿನ ಮಾತು.

ನಮ್ಮ ಕಡೆಯ ಕಾಲೇಜುಗಳಲ್ಲಿ ಕ್ರೀಡಾ ವಿಭಾಗ ಎಂದರೆ ಏನು ಎಂದು ನಿಮಗೆ ಗೊತ್ತು. ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರು, ಅವರಿಗೊಂದು ಕೋಣೆ, ಕೋಣೆಯಲ್ಲಿ ಗಾಳಿ ಹೋದ ಮೂರು ವಾಲಿಬಾಲ್, ಗೋಡೆಯ ಮೇಲೆ ಧೂಳು ಹಿಡಿದ ಶೀಲ್ಡುಗಳು. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋದರೆ ರೈಲಿನ ಟಿಕೆಟ್ಟು, ದಿನಭತ್ಯೆ, ವಾಪಸು ಬಂದ ಮೇಲೆ ಬಿಲ್ಲು ಪಾಸಾಗಲು ಆರು ತಿಂಗಳು. ನಾನೂ ಎಂಟುನೂರು ಮೀಟರ್ ಓಡುತ್ತಿದ್ದವನೇ. ನನ್ನ ಒಂದು ದಿನಭತ್ಯೆ ಇನ್ನೂ ಬಂದಿಲ್ಲ.

ಅಲ್ಲಿಯದು ಬೇರೆ ಲೋಕ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಹೆಚ್ಚುಕಡಿಮೆ ಮೂರು ಚಿನ್ನಸ್ವಾಮಿ ಕ್ರೀಡಾಂಗಣ ಎಂದಿಟ್ಟುಕೊಳ್ಳಿ. ಅದು ಯಾವ ಕ್ಲಬ್ಬಿನದೂ ಅಲ್ಲ, ಓದು ಹೇಳಿಕೊಡುವ ಸಂಸ್ಥೆಯದು. ಟೆಕ್ಸಸ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಒಂದು ವರ್ಷದ ಆದಾಯ 2023-24ರಲ್ಲಿ 33 ಕೋಟಿ ಡಾಲರ್ ದಾಟಿತು. ಟಿಕೆಟ್, ಟಿ.ವಿ. ಹಕ್ಕು, ದಾನಿಗಳು, ಜಾಹೀರಾತು, ಟೀ ಶರ್ಟಿನ ಮೇಲಿನ ಲಾಂಛನ, ಪಾರ್ಕಿಂಗು, ಕಡಲೆಕಾಯಿ, ಬಿಯರ್, ಎಲ್ಲವೂ ಸೇರಿದ ಲೆಕ್ಕ ಅದು. ಫುಟ್‌ಬಾಲ್ ಎಂದರೆ ನಿಮ್ಮ ಮನಸ್ಸಿಗೆ ಬರುವ ಆಟವಲ್ಲ, ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಅವರ ಆಟ. ಇಂಥ ದೊಡ್ಡ ವ್ಯವಹಾರದಲ್ಲಿ ಎಲ್ಲರಿಗೂ ಸಂಬಳವಿತ್ತು. ಕೋಚಿಗೆ, ಹುಲ್ಲು ಕತ್ತರಿಸುವವನಿಗೆ, ನನಗೆ. ಆಡುವ ಹುಡುಗರಿಗೆ ಮಾತ್ರ ಇರಲಿಲ್ಲ. ಅವರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ: ಬೋಧನಾ ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ.

ಈ ಏರ್ಪಾಡನ್ನು ಕಾಯುತ್ತಿದ್ದ ಸಂಸ್ಥೆ ಎನ್‌ಸಿಎಎ, ಅಂದರೆ ಅಲ್ಲಿಯ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ. 1906ರಲ್ಲಿ ಹುಟ್ಟಿದ್ದು. ವಿದ್ಯಾರ್ಥಿ ಹವ್ಯಾಸಕ್ಕೆ ಆಡಬೇಕು, ಆಟಕ್ಕಾಗಿ ಹಣ ಪಡೆಯಬಾರದು ಎಂಬುದು ಅದರ ಮಡಿ. ಮಡಿ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಮುಟ್ಟಬಹುದಾದದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂಬ ವಿಧಿನಿಷೇಧಗಳ ದಪ್ಪ ಪುಸ್ತಕವೇ ಇತ್ತು. ನಾನು ಸೇರಿದ ಕಾಲದಲ್ಲಿ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಆಟಗಾರರಿಗೆ ಹಣ್ಣು, ಬಾದಾಮಿ ಗೋಡಂಬಿಯಂಥ ಬೀಜಗಳು ಮತ್ತು ಬೇಗಲ್ ಕೊಡಬಹುದಿತ್ತು. ಬೇಗಲ್ ಎಂದರೆ ಉದ್ದಿನ ವಡೆಯಂತೆ ನಡುವೆ ತೂತಿರುವ ಗಟ್ಟಿ ಬ್ರೆಡ್ಡು. ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ಅದು ತಿಂಡಿಯಾಗಿ ಉಳಿಯುತ್ತಿರಲಿಲ್ಲ, ಊಟವಾಗುತ್ತಿತ್ತು. ಊಟವಾದರೆ ನಿಯಮಭಂಗ. ನನ್ನ ಮೇಜಿನ ಮೇಲೆ ಅಂಗಡಿಯ ಬಿಲ್ಲು ಬಂದಾಗ ಅದರಲ್ಲಿ ಚೀಸ್ ಇದೆಯೇ ಎಂದು ಹುಡುಕುವುದು ನನ್ನ ಜವಾಬ್ದಾರಿಗಳಲ್ಲಿ ಒಂದು. ಒಬ್ಬ ಕೋಚ್ ಒಂದು ಬಿಲ್ಲಿನ ಮೇಲೆ ‘ಚೀಸ್ ನನಗೆ’ ಎಂದು ಬರೆದು ಸಹಿ ಮಾಡಿದ್ದರು. ಐದು ಡಬ್ಬ ಚೀಸ್. ನಾನು ಪಾಸು ಮಾಡಿದೆ.

2014ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ತಂಡ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆಯಿತು. ಅದರ ಮುಖ್ಯ ಆಟಗಾರ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟ. ಕೋಟ್ಯಂತರ ಜನ ನೋಡುವ ಪಂದ್ಯಾವಳಿಯ ಹೀರೋ ಹೇಳಿದ ಮಾತು. ಅದೇ ತಿಂಗಳು ಊಟ ತಿಂಡಿಯ ಮಿತಿಯನ್ನು ತೆಗೆದುಹಾಕುವ ನಿರ್ಣಯವಾಯಿತು. ಈ ಬದಲಾವಣೆಯ ಮಾತುಕತೆ ಮೊದಲೇ ನಡೆಯುತ್ತಿತ್ತು ನಿಜ, ಆದರೆ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅವನು ಬಾಗಿಲು ತಟ್ಟಿದ್ದ. ಆಗಸ್ಟಿನಿಂದ ನಮ್ಮ ಬಜೆಟ್ಟಿನಲ್ಲಿ ‘ಆಹಾರ’ ಎಂಬ ಹೊಸ ಸಾಲು ಬಂತು. ಚೀಸ್ ಹುಡುಕುವ ಕೆಲಸ ನಿಂತಿತು.

ಈಗ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ನೋಡೋಣ. ವಾಣಿಜ್ಯದ ವಿದ್ಯಾರ್ಥಿಗಳಾದ ನಿಮಗೆ ಇದು ಇಷ್ಟವಾಗಬೇಕು.

ನಮ್ಮ ತೀರ್ಥಹಳ್ಳಿ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹಣ ಬರುವುದು ಅಡಿಕೆ ತೋಟ ಒಂದರಿಂದ, ಅಷ್ಟಿಷ್ಟು ಕಾಳುಮೆಣಸಿನಿಂದ. ಆದರೆ ಮನೆಯಲ್ಲಿ ಹದಿನೆಂಟು ಜನ. ಕ್ರೀಡಾ ವಿಭಾಗವೂ ಹಾಗೆಯೇ. ಫುಟ್‌ಬಾಲ್ ಅಡಿಕೆ, ಗಂಡಸರ ಬ್ಯಾಸ್ಕೆಟ್‌ಬಾಲ್ ಕಾಳುಮೆಣಸು. ಈಜು, ಓಟ, ಟೆನಿಸ್, ಜಿಮ್ನಾಸ್ಟಿಕ್ಸ್, ದೋಣಿ ನಡೆಸುವುದು, ಇವೆಲ್ಲ ಉಣ್ಣುವ ಬಾಯಿಗಳು. 1972ರಲ್ಲಿ ಬಂದ ‘ಟೈಟಲ್ ನೈನ್’ ಎಂಬ ಕಾನೂನಿನ ಪ್ರಕಾರ ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡು ಎಂಬ ಭೇದ ಮಾಡುವಂತಿಲ್ಲ, ಕ್ರೀಡೆಗೂ ಅದು ಅನ್ವಯಿಸುತ್ತದೆ. ಅಮೆರಿಕದ ಹೆಣ್ಣುಮಕ್ಕಳು ಒಲಿಂಪಿಕ್ಸ್‌ನಲ್ಲಿ ಗೆಲ್ಲುವ ಪದಕಗಳಲ್ಲಿ ಅಡಿಕೆ ತೋಟದ ಪಾಲು ದೊಡ್ಡದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನಮ್ಮ ಕಡೆಯವರಿಗೂ ಆ ತೋಟದ ಫಲ ಸಿಕ್ಕಿದೆ. ವಿಕಾಸ್ ಗೌಡ ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ, ಓದಿದ್ದು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ. 2006ರಲ್ಲಿ ಡಿಸ್ಕಸ್ ಎಸೆತದಲ್ಲಿ ಎನ್‌ಸಿಎಎ ಚಾಂಪಿಯನ್. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ. ಡಿಸ್ಕಸ್ ನೋಡಲು ಟಿಕೆಟ್ ಕೊಂಡು ಬರುವವರು ಯಾರು? ತಂದೆ ತಾಯಿ, ನಾಲ್ಕು ಗೆಳೆಯರು. ಅಂಥ ಕ್ರೀಡೆಗಳ ಖರ್ಚಿನ ಬಹುಪಾಲು ಹೊರುವುದು ಬೇರೆ ಆಟದ ಟಿಕೆಟ್ಟುಗಳು.

ಆದಾಯದ ದಾರಿಗಳಲ್ಲಿ ನನಗೆ ಬಹಳ ವಿಚಿತ್ರ ಅನ್ನಿಸಿದ್ದು ಸೋಲುವುದಕ್ಕೆ ಸಿಗುವ ಹಣ. ದೊಡ್ಡ ವಿಶ್ವವಿದ್ಯಾಲಯ ತನ್ನ ಊರಿನಲ್ಲಿ ಒಂದು ಸುಲಭದ ಗೆಲುವು ಬೇಕೆಂದು ಸಣ್ಣ ವಿಶ್ವವಿದ್ಯಾಲಯವನ್ನು ಆಡಲು ಕರೆಯುತ್ತದೆ, ಕರೆದದ್ದಕ್ಕೆ ಇಷ್ಟು ಎಂದು ಕರಾರು ಮಾಡಿಕೊಂಡು ಚೆಕ್ ಕೊಡುತ್ತದೆ. ಕ್ರೀಡಾಂಗಣ ತುಂಬುತ್ತದೆ, ಟಿಕೆಟ್ ಹಣ ಬರುತ್ತದೆ. ಸಣ್ಣವರು ಪೆಟ್ಟು ತಿಂದು, ಚೆಕ್ ತೆಗೆದುಕೊಂಡು, ಅದರಲ್ಲಿ ತಮ್ಮ ಓಟದ ತಂಡದ ವರ್ಷದ ಖರ್ಚು ತೂಗಿಸುತ್ತಾರೆ. 2007ರ ಸೆಪ್ಟೆಂಬರ್ 1ರಂದು ಮಿಷಿಗನ್ ಹೀಗೆ 4 ಲಕ್ಷ ಡಾಲರ್ ಕೊಟ್ಟು ಅಪಲಾಚಿಯನ್ ಸ್ಟೇಟ್ ತಂಡವನ್ನು ಕರೆಯಿತು. ಮಿಷಿಗನ್ ಆಗ ದೇಶಕ್ಕೆ ಐದನೆಯ ಸ್ಥಾನದಲ್ಲಿತ್ತು, ಬಂದವರು ಕೆಳಗಿನ ದರ್ಜೆಯವರು. ಕೊನೆಯ ಕ್ಷಣದಲ್ಲಿ ಮಿಷಿಗನ್ ಒದ್ದ ಚೆಂಡನ್ನು ತಡೆದು ಅವರು 34-32ರಿಂದ ಗೆದ್ದುಬಿಟ್ಟರು. ಕರಾರಿನಲ್ಲಿ ಸೋಲಬೇಕು ಎಂದು ಬರೆದಿರುವುದಿಲ್ಲವಲ್ಲ, ಹಾಗಾಗಿ ಚೆಕ್ ಕೊಡಲೇಬೇಕು. ಆ ಚೆಕ್ಕಿಗೆ ಸಹಿ ಹಾಕಿದ ಗುಮಾಸ್ತ ಯಾರೋ, ಅವನ ಮುಖ ನೋಡಬೇಕಿತ್ತು ಎಂದು ನಮ್ಮ ಕಚೇರಿಯಲ್ಲಿ ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದರು.

ಇನ್ನು ದಾನ. ಅಲ್ಲಿ ಒಳ್ಳೆಯ ಕುರ್ಚಿ ಬೇಕೆಂದರೆ ಟಿಕೆಟ್ ಹಣ ಕೊಟ್ಟರೆ ಸಾಲದು, ಆ ಕುರ್ಚಿಯ ಟಿಕೆಟ್ ಕೊಳ್ಳುವ ಹಕ್ಕಿಗಾಗಿ ವರ್ಷವರ್ಷವೂ ‘ದಾನ’ ಮಾಡಬೇಕು. ಆ ದಾನದ ಶೇ 80ರಷ್ಟನ್ನು ದಾನಿಗಳು ತಮ್ಮ ತೆರಿಗೆ ಲೆಕ್ಕದಲ್ಲಿ ಕಳೆಯಬಹುದಿತ್ತು. 2017ರ ಡಿಸೆಂಬರ್‌ನಲ್ಲಿ ಬಂದ ತೆರಿಗೆ ಕಾನೂನು 2018ರಿಂದ ಆ ರಿಯಾಯಿತಿಯನ್ನು ತೆಗೆದುಹಾಕಿತು. ಆಗ ಏನಾಗುತ್ತದೆ ಹೇಳಿ? ಸರಿ, ಮೂರನೆಯ ಸಾಲಿನ ಆ ತಮ್ಮ ಹೇಳಿದ್ದು ಸರಿ. ಎಲ್ಲರೂ ಡಿಸೆಂಬರ್ 31ರೊಳಗೆ ಕೊಡಲು ಓಡಿ ಬಂದರು. ಒಂದು ವರ್ಷದ್ದಲ್ಲ, ಮುಂದಿನ ಮೂರು, ಐದು ವರ್ಷಗಳ ದಾನ ಒಟ್ಟಿಗೆ. ಕ್ರಿಸ್‌ಮಸ್ ರಜೆಯಲ್ಲಿ ನಾವು ಮೂವರು ಕೋಟು ಕಳಚದೆ ಚಳಿಯ ಕಚೇರಿಯಲ್ಲಿ ಕುಳಿತು ಅಂಚೆ ಮುದ್ರೆ ನೋಡಿ ನೋಡಿ ಚೆಕ್ ವಿಂಗಡಿಸಿದೆವು. ಲಕೋಟೆ ಬಿಸಾಡಬಾರದು, ಚೆಕ್ಕಿಗೇ ಪಿನ್ ಹೊಡೆದು ಇಡಬೇಕು, ಏಕೆಂದರೆ ಅಂಚೆಗೆ ಹಾಕಿದ ದಿನಾಂಕದ ಮೇಲೆ ದಾನಿಯ ತೆರಿಗೆ ನಿಂತಿದೆ. ಒಬ್ಬ ಮುದುಕರು 31ರ ಸಂಜೆ ಹಿಮದಲ್ಲಿ ಕಾರು ಓಡಿಸಿಕೊಂಡು ಬಂದು ಕೈಯಲ್ಲೇ ಚೆಕ್ ಕೊಟ್ಟು, ರಸೀದಿಯಲ್ಲಿ ಗಂಟೆಯನ್ನೂ ಬರೆಯಲು ಹೇಳಿದರು.

ಹಾಗೆ ಬಂದ 2020ರ ದಾನವನ್ನು ಯಾವ ವರ್ಷದ ಆದಾಯವೆಂದು ತೋರಿಸುತ್ತೀರಿ? ಪುಸ್ತಕ ತೆರೆಯದೆ ಹೇಳಿ. ಹೌದು, ಅದು ಆದಾಯವೇ ಅಲ್ಲ, ಹೊಣೆ. ಕುರ್ಚಿ ಕೊಡುವವರೆಗೂ ಅದು ನಾವು ತೀರಿಸಬೇಕಾದ ಋಣ. ಇದನ್ನು ನಮ್ಮ ಮೇಲಿನವರಿಗೆ ತಿಳಿಸಿ ಹೇಳುವುದೇ ಆ ಚಳಿಗಾಲದ ದೊಡ್ಡ ಕೆಲಸವಾಯಿತು. ಬ್ಯಾಂಕಿನಲ್ಲಿ ಹಣ ಕಾಣುತ್ತಿದೆ, ಖರ್ಚು ಮಾಡಬೇಡಿ ಎನ್ನುವವನನ್ನು ಯಾರು ಮೆಚ್ಚುತ್ತಾರೆ?

ಖರ್ಚಿನ ಕಡೆ ಬಂದರೆ ಪ್ರಯಾಣದ ಬಗ್ಗೆ ನಾನು ದಿನವಿಡೀ ಮಾತಾಡಬಲ್ಲೆ. ಕೋಲೂರಿ ಎತ್ತರ ಜಿಗಿಯುವವರ ಕೋಲುಗಳು ನಾಲ್ಕೈದು ಮೀಟರ್ ಉದ್ದ. ಎಷ್ಟೋ ವಿಮಾನಗಳು ಅವನ್ನು ಹತ್ತಿಸಿಕೊಳ್ಳುವುದಿಲ್ಲ. ಆದ್ದರಿಂದ ಹುಡುಗಿ ವಿಮಾನದಲ್ಲಿ ಹೋಗುತ್ತಾಳೆ, ಅವಳ ಕೋಲು ಎರಡು ದಿನ ಮೊದಲೇ ವ್ಯಾನಿನಲ್ಲಿ ಹೊರಡುತ್ತದೆ. ವ್ಯಾನ್ ಓಡಿಸುವವನಿಗೆ ಊಟ, ವಸತಿ, ದಿನಭತ್ಯೆ. ಒಮ್ಮೆ ಕೋಲು ಸರಿಯಾದ ಹೊತ್ತಿಗೆ ತಲುಪಿತು, ಹುಡುಗಿಯ ವಿಮಾನ ಹಿಮದಿಂದ ರದ್ದಾಯಿತು. ಆ ಬಿಲ್ಲಿನ ಮೇಲೆ ‘ಪ್ರಯಾಣಿಕರು: ಕೋಲು ಏಳು’ ಎಂದು ಬರೆಯಬೇಕೆನಿಸಿತ್ತು. ಗುಂಡೆಸೆಯುವ ಹುಡುಗನೊಬ್ಬ 7.26 ಕಿಲೋದ ಕಬ್ಬಿಣದ ಗುಂಡನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋಗಿ ಭದ್ರತಾ ತಪಾಸಣೆಯವರನ್ನು ಗಾಬರಿ ಮಾಡಿದ್ದೂ ಉಂಟು.

ಹಿಂದೆ ಅಕ್ಕಪಕ್ಕದ ರಾಜ್ಯಗಳ ವಿಶ್ವವಿದ್ಯಾಲಯಗಳು ಒಂದು ಒಕ್ಕೂಟ ಮಾಡಿಕೊಂಡು ತಮ್ಮತಮ್ಮಲ್ಲಿ ಆಡುತ್ತಿದ್ದವು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವ ದೂರ. ಟಿ.ವಿ. ಹಣದ ಆಸೆಗೆ ಆ ಒಕ್ಕೂಟಗಳು ಕಲಸಿಹೋದವು. 2024ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ಮತ್ತು ಯುಎಸ್‌ಸಿ, ಜೊತೆಗೆ ಓರೆಗಾನ್, ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ‘ಬಿಗ್ ಟೆನ್’ ಸೇರಿದವು. ಹೆಸರಿನಲ್ಲಿ ಹತ್ತು, ಸದಸ್ಯರು ಹದಿನೆಂಟು. ಅದೇ ಒಕ್ಕೂಟದಲ್ಲಿ ನ್ಯೂಜರ್ಸಿಯ ರಟ್ಗರ್ಸ್ ಕೂಡ ಇದೆ. ಪೆಸಿಫಿಕ್ ದಂಡೆಯಿಂದ ಅಟ್ಲಾಂಟಿಕ್ ದಂಡೆಗೆ ಲೀಗ್ ಪಂದ್ಯ. ಒಪ್ಪಂದ ಮಾಡಿದವರ ಕಣ್ಣು ಫುಟ್‌ಬಾಲಿನ ಮೇಲಿತ್ತು, ಆ ತಂಡ ವರ್ಷಕ್ಕೆ ನಾಲ್ಕೈದು ಸಲ ವಿಶೇಷ ವಿಮಾನದಲ್ಲಿ ಹೋಗಿಬರುತ್ತದೆ. ವಾಲಿಬಾಲ್ ಹುಡುಗಿಯರು ಎಷ್ಟು ಸಲ ಹೋಗಬೇಕು, ಮರುದಿನ ಬೆಳಿಗ್ಗೆ ಎಂಟರ ಪರೀಕ್ಷೆಗೆ ಹೇಗೆ ಬರಬೇಕು ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆ ಎದ್ದದ್ದು ಲೆಕ್ಕಪತ್ರ ಕಚೇರಿಗಳಲ್ಲಿ, ಅದೂ ಬಿಲ್ಲು ಬಂದ ಮೇಲೆ.

ಪ್ರತಿ ವರ್ಷ ಜನವರಿ 15ರೊಳಗೆ ನಮ್ಮಂಥ ವಿಭಾಗಗಳು ಆದಾಯ ವೆಚ್ಚದ ವರದಿಯನ್ನು ಎನ್‌ಸಿಎಎಗೆ ಸಲ್ಲಿಸಬೇಕು, ಹೊರಗಿನ ಲೆಕ್ಕಪರಿಶೋಧಕರು ಅದನ್ನು ನೋಡಿರಬೇಕು. ಪ್ರತಿ ಖರ್ಚನ್ನೂ ಇಂಥ ಕ್ರೀಡೆಗೆ ಸೇರಿದ್ದು ಎಂದು ತೋರಿಸಬೇಕು. ಒಂದು ವ್ಯಾಯಾಮಶಾಲೆಯ ವಿದ್ಯುತ್ ಬಿಲ್ಲನ್ನು ಹದಿನೆಂಟು ತಂಡಗಳಿಗೆ ಹೇಗೆ ಹಂಚುತ್ತೀರಿ? ತಲೆ ಎಣಿಸಿ? ಗಂಟೆ ಎಣಿಸಿ? ನಾನು ಒಂದು ವಾರ ಬಾಗಿಲಲ್ಲಿ ಪುಸ್ತಕ ಹಿಡಿದು ಕುಳಿತು ಯಾರು ಎಷ್ಟು ಹೊತ್ತು ಒಳಗಿದ್ದರು ಎಂದು ಬರೆದುಕೊಂಡಿದ್ದೇನೆ. ಕೊನೆಗೆ ‘ಯಾವ ಕ್ರೀಡೆಗೂ ಸೇರದ ವೆಚ್ಚ’ ಎಂಬ ಅಂಕಣಕ್ಕೆ ಹಾಕಿದೆವು. ಎಲ್ಲರ ವರದಿಯಲ್ಲೂ ಆ ಅಂಕಣ ದಷ್ಟಪುಷ್ಟವಾಗಿರುತ್ತದೆ.

ಆ ವರದಿಗಳನ್ನು ಓದಿದರೆ ಬಹುಪಾಲು ವಿಭಾಗಗಳು ನಷ್ಟದಲ್ಲಿರುವಂತೆ ಕಾಣುತ್ತದೆ. ನನ್ನ ಮಾತು ಕೇಳಿ, ಆ ಬಡತನಕ್ಕೆ ಪೂರ್ತಿ ಮರುಗಬೇಡಿ. ಈ ಮನೆಗೆ ಯಜಮಾನನಿಲ್ಲ, ಷೇರುದಾರರಿಲ್ಲ, ಲಾಭ ಹಂಚುವಂತಿಲ್ಲ. ಹಾಗಾಗಿ ಬಂದದ್ದೆಲ್ಲ ಖರ್ಚಾಗಲೇಬೇಕು. ಆಟಗಾರರಿಗೆ ಕೊಡುವಂತಿಲ್ಲ ಎಂದಾಗ ಅದು ಹೋದದ್ದು ಕೋಚ್‌ಗಳಿಗೆ, ಅಮೃತಶಿಲೆಯ ಲಾಕರ್ ಕೋಣೆಗಳಿಗೆ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿತು. ಕರಾರಿನ ಪ್ರಕಾರ ಅವರಿಗೆ ಸಲ್ಲಬೇಕಾದ ಮೊತ್ತ 7.5 ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡದೆ ಇರುವುದಕ್ಕೆ! ಅದೇ ಉದ್ಯಮದಲ್ಲಿ ನಾನು ಒಂದು ಕಾಲದಲ್ಲಿ ಚೀಸ್ ಹುಡುಕುತ್ತಿದ್ದೆ.

ಇನ್ನು 2020. ಮಾರ್ಚ್ 12ರಂದು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ರದ್ದಾಯಿತು. ಆ ವರ್ಷ ವಿಶ್ವವಿದ್ಯಾಲಯಗಳಿಗೆ 60 ಕೋಟಿ ಡಾಲರ್ ಹಂಚಬೇಕಿದ್ದ ಎನ್‌ಸಿಎಎ ಹಂಚಿದ್ದು 22.5 ಕೋಟಿ. ಜುಲೈನಲ್ಲಿ ಸ್ಟ್ಯಾನ್‌ಫರ್ಡ್‌ನಂಥ ಶ್ರೀಮಂತ ಸಂಸ್ಥೆಯೇ 11 ಕ್ರೀಡೆಗಳನ್ನು ಕೈಬಿಡುವುದಾಗಿ ಹೇಳಿತು, ಮರುವರ್ಷ ಆ ಮಾತನ್ನು ಹಿಂತೆಗೆದುಕೊಂಡಿತು. ನಾವು ಮಾಡಿದ್ದು ಹೋಟೆಲುಗಳಿಗೆ ಫೋನ್ ಮಾಡಿ ಮುಂಗಡ ವಾಪಸು ಕೇಳುವುದು. ಅದರ ಬಗ್ಗೆ ಹೇಳುವುದು ಬಹಳವಿಲ್ಲ.

ನಿಜವಾದ ಭೂಕಂಪ ಆಮೇಲೆ ಬಂತು. 2021ರ ಜೂನ್ 21ರಂದು, ಆಟಗಾರರು ಹೂಡಿದ್ದ ‘ಆಲ್‌ಸ್ಟನ್’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಮಿತಿ ಹೇರುವಂತಿಲ್ಲ ಎಂದರು. ಓದಿನ ಸಾಧನೆಗೆಂದು ಒಬ್ಬರಿಗೆ ವರ್ಷಕ್ಕೆ 5,980 ಡಾಲರ್‌ವರೆಗೆ ನಗದು ಕೊಡಬಹುದಾಯಿತು. ಹತ್ತು ದಿನ ಕಳೆಯುವಷ್ಟರಲ್ಲಿ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಚಹರೆಯನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು ಎಂದಾಯಿತು. ಆದರೂ ವಿಶ್ವವಿದ್ಯಾಲಯ ನೇರವಾಗಿ ಆದಾಯದ ಪಾಲು ಕೊಡುವಂತಿರಲಿಲ್ಲ. ಆ ಕೊನೆಯ ಗೋಡೆ ಕೆಡವಿದ್ದು ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರಿನ ಮೊಕದ್ದಮೆ. ಅಡಿಕೆಯಲ್ಲ, ಕಾಳುಮೆಣಸಲ್ಲ, ಈಜು! 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ರಾಜಿ ಒಪ್ಪಂದಕ್ಕೆ ಅನುಮೋದನೆ ಕೊಟ್ಟರು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಒಪ್ಪಂದಕ್ಕೆ ಒಳಪಟ್ಟ ಪ್ರತಿ ವಿಶ್ವವಿದ್ಯಾಲಯವೂ ತನ್ನ ಈಗಿನ ಆಟಗಾರರಿಗೆ ಜುಲೈ 1ರಿಂದ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್.

ಜೂನ್ 6ಕ್ಕೂ ಜುಲೈ 1ಕ್ಕೂ ನಡುವೆ ಎಷ್ಟು ದಿನ? ಇಪ್ಪತ್ತೈದು. ನಮ್ಮ ವಿಶ್ವವಿದ್ಯಾಲಯದ ಹಣಕಾಸು ವರ್ಷ ಮುಗಿಯುವುದೂ ಜೂನ್ 30ಕ್ಕೆ. ಒಂದು ಕೈಯಲ್ಲಿ ಹಳೆಯ ವರ್ಷದ ಲೆಕ್ಕ ಮುಚ್ಚಬೇಕು, ಇನ್ನೊಂದು ಕೈಯಲ್ಲಿ, ಯಾರಿಗೆ ಒಂದು ಕಾಸೂ ಕೊಡಬಾರದು ಎಂದು ನೂರು ವರ್ಷ ಕಾವಲು ಕಾದಿದ್ದೆವೋ ಅವರಿಗೇ ಕೋಟಿಗಟ್ಟಲೆ ಕೊಡುವ ವ್ಯವಸ್ಥೆ ಕಟ್ಟಬೇಕು. ಇದು ಸಂಬಳವೋ ಅಲ್ಲವೋ? ಅಲ್ಲ ಎಂದರು ವಕೀಲರು, ಆಟಗಾರನ ಹೆಸರು ಚಹರೆ ಬಳಸಿಕೊಳ್ಳುವುದಕ್ಕೆ ಕೊಡುವ ಶುಲ್ಕ. ಹಾಗಿದ್ದರೆ ಹತ್ತೊಂಬತ್ತರ ಹುಡುಗ ನಮ್ಮ ಪುಸ್ತಕದಲ್ಲಿ ಯಾರು? ಮಾರಾಟಗಾರ. ಗೋಡೆಗೆ ಬಣ್ಣ ಹೊಡೆಯುವ ಗುತ್ತಿಗೆದಾರನಿಗೆ ತುಂಬಿಸುವ ನಮೂನೆಯನ್ನೇ ನಾನು ಅವನಿಗೂ ಕೊಟ್ಟೆ. ‘ವ್ಯಾಪಾರದ ವಿಳಾಸ’ ಎಂಬಲ್ಲಿ ಅವನು ಹಾಸ್ಟೆಲ್ ಕೋಣೆಯ ಸಂಖ್ಯೆ ಬರೆದ.

ಹಣ ಎಲ್ಲಿಂದ ತರುವುದು? ಟೆನೆಸಿ ವಿಶ್ವವಿದ್ಯಾಲಯ 2025ರ ಫುಟ್‌ಬಾಲ್ ಋತುವಿನ ಟಿಕೆಟ್ ಮೇಲೆ ಶೇ 10ರ ‘ಪ್ರತಿಭಾ ಶುಲ್ಕ’ ಹೇರಿತು. ಬೇರೆ ಕಡೆ ಖಾಲಿಯಾದ ಹುದ್ದೆಗಳನ್ನು ತುಂಬಲಿಲ್ಲ. ನನ್ನ ಪಕ್ಕದ ಕುರ್ಚಿ ಇಂದಿಗೂ ಖಾಲಿ. ಇನ್ನು ಹಂಚಿಕೆ: ಬಹಳ ಕಡೆ ದೊಡ್ಡ ಪಾಲು ಫುಟ್‌ಬಾಲಿಗೆ, ನಂತರ ಗಂಡಸರ ಬ್ಯಾಸ್ಕೆಟ್‌ಬಾಲಿಗೆ. ಮಿಕ್ಕವರಿಗೆ ಪುಡಿಕಾಸು. ಟೈಟಲ್ ನೈನ್ ಇದಕ್ಕೆ ಏನೆನ್ನುತ್ತದೆ ಎಂಬ ಜಗಳ ಬೇರೆ. ಆಡುವವರಿಗೆ ಕೊಟ್ಟದ್ದು ನ್ಯಾಯವೇ ಎಂದು ನನ್ನನ್ನು ಕೇಳಿದರೆ, ಹೌದು, ತಡವಾಗಿ ಬಂದ ನ್ಯಾಯ. ಆದರೆ ಅಡಿಕೆಯವನಿಗೆ ಅವನ ಪಾಲು ಕೊಟ್ಟ ಮೇಲೆ ಮನೆಯ ಉಳಿದ ಹದಿನಾರು ಬಾಯಿಗಳ ಗತಿ ಏನು ಎಂಬ ಚಿಂತೆಯಲ್ಲೇ ನಾನು ಈಗ ಬಜೆಟ್ ಬರೆಯುತ್ತೇನೆ.

ನಿಮ್ಮಲ್ಲಿ ಕೆಲವರು ಹೊರದೇಶದಲ್ಲಿ ಓದುವ ಯೋಚನೆಯಲ್ಲಿರಬಹುದು, ಅವರಿಗಾಗಿ ಒಂದು ಮಾತು. ಅಲ್ಲಿ ಆಡುವ ಹೊರದೇಶದ ಮಕ್ಕಳು ಬಹುತೇಕ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು. ಅವರ ವಿದ್ಯಾರ್ಥಿವೇತನದಲ್ಲಿ ಬೋಧನಾ ಶುಲ್ಕಕ್ಕೆ, ಪುಸ್ತಕಕ್ಕೆ ತೆರಿಗೆಯಿಲ್ಲ, ಊಟ ವಸತಿಯ ಭಾಗಕ್ಕೆ ಇದೆ, ಸಾಮಾನ್ಯವಾಗಿ ಶೇ 14 ಮುರಿದುಕೊಳ್ಳುತ್ತೇವೆ. ತಾನು ಕಣ್ಣಿಂದ ನೋಡದ ಹಣಕ್ಕೆ ತೆರಿಗೆ ಏಕೆ ಎಂದು ಪ್ರತಿ ವರ್ಷ ಯಾರಾದರೊಬ್ಬರು ಅಳುತ್ತಾ ಬರುತ್ತಾರೆ. ಭಾರತದವರಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೆಯ ವಿಧಿಯಿಂದ ಅಮೆರಿಕದವರಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಇದು ಗೊತ್ತಿಲ್ಲದೆ ಹಣ ಬಿಟ್ಟುಕೊಟ್ಟವರನ್ನು ಕಂಡಿದ್ದೇನೆ, ನೀವು ಬಿಡಬೇಡಿ. ಹೊಸ ಹಣದ ಕಥೆ ಮಾತ್ರ ಕಹಿಯಾದದ್ದು. ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಬಿಗಿಯಾದ ಕಟ್ಟುಪಾಡುಗಳಿವೆ. ಆದಾಯದ ಪಾಲು ಪಡೆದರೆ ವೀಸಾಕ್ಕೆ ಕುತ್ತು ಬರಬಹುದೆಂದು ನಮ್ಮ ವಕೀಲರು ಬೇಡವೆಂದರು. ಒಂದೇ ಅಂಗಳದಲ್ಲಿ, ಒಂದೇ ಅಂಗಿ ತೊಟ್ಟು ಆಡುವ ಇಬ್ಬರಲ್ಲಿ ಒಬ್ಬನ ಹೆಸರಿನ ಮುಂದೆ ಮೊತ್ತ, ಇನ್ನೊಬ್ಬನ ಮುಂದೆ ಒಂದು ಸಣ್ಣ ಗೀಟು.

ಮೊದಲ ಕಂತಿನ ಪಾವತಿಯ ದಿನ ಬೆಳಿಗ್ಗೆ ಆರಕ್ಕೇ ಕಚೇರಿಗೆ ಹೋದೆ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಬೆರಳಿಟ್ಟು ನೋಡಿ ಬ್ಯಾಂಕಿಗೆ ಕಳುಹಿಸಿದೆ. ನಾನು ಜೀವಮಾನದಲ್ಲಿ ಒಂದೇ ಗುಂಡಿ ಒತ್ತಿ ಕಳುಹಿಸಿದ ದೊಡ್ಡ ಮೊತ್ತ ಅದು. ಸಹಿ ಯಾರದೂ ಬೇಕಾಗಿರಲಿಲ್ಲ, ಎಲ್ಲ ಮೊಬೈಲಿನಲ್ಲಿ. ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು, ಹ್ಯಾಮರ್ ಎಸೆಯುವ ಹುಡುಗಿ, ಹೊರದೇಶದವಳು, ಗೀಟಿನವಳು. ಪಾಲು ಕೇಳಲು ಬಂದಳೇನೋ ಎಂದು ನನಗೆ ಎದೆ ಧಸಕ್ಕೆಂದಿತು. ಅವಳು ಫೋನು ತೋರಿಸಿದಳು. ಹಿಂದಿನ ತಿಂಗಳಿನ ಸ್ಪರ್ಧೆಯ ಊಟದ ಹಣ, ಇಪ್ಪತ್ತೆರಡು ಡಾಲರ್, ಅವಳ ಖಾತೆಗೆ ಎರಡು ಸಲ ಜಮಾ ಆಗಿತ್ತು. ‘ಇದನ್ನು ಹೇಗೆ ವಾಪಸು ಕೊಡಲಿ?’

ಲಕೋಟೆಗಳು ಹೋಗಿ ಆರು ವರ್ಷವಾಗಿತ್ತು, ಈಗ ಎಲ್ಲ ಒಂದು ಆ್ಯಪ್. ಅದನ್ನು ಹಿಂದುಮುಂದು ತಿರುವಿ ನೋಡಿದೆ. ಹಣ ಕಳುಹಿಸಲು ನಾಲ್ಕು ಗುಂಡಿಗಳಿದ್ದವು, ವಾಪಸು ಪಡೆಯಲು ಒಂದೂ ಇರಲಿಲ್ಲ. ಅವಳನ್ನು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಸಹೋದ್ಯೋಗಿಗಳನ್ನು ಕರೆದೆ. ಮಧ್ಯಾಹ್ನದವರೆಗೂ ಕುಳಿತೆವು.